ವಾದ್ಯ ಸಂಗೀತಕ್ಕೆ ಎರಡು ಕಾಲಂ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು ಕಡೆಯ ಮನೆಗಳ ಕಪಾಟಿನಲ್ಲಿದ್ದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಪ್ರತಿಯೊಂದಕ್ಕೂ ವಿವರ ಬರೆದಿಡುವುದು ನಾನು ಹಚ್ಚಿಕೊಂಡಿರುವ ಕೆಲಸ. ಹಾಡುಗಾರಿಕೆಯ ಕಡತಗಳು ತೊಂದರೆ ಕೊಡುವುದಿಲ್ಲ. ತಲೆ ತಿನ್ನುವುದು ವಾದ್ಯದವು.

ಎಂಪಿ3 ಕಡತಗಳ ಹಳೆಯ ಪ್ರಕಾರಗಳ ಪಟ್ಟಿಯಲ್ಲಿ ‘ಇನ್‌ಸ್ಟ್ರುಮೆಂಟಲ್’ ಎಂಬುದಕ್ಕೆ 33 ಎಂಬ ಸಂಖ್ಯೆಯೇ ಇದೆ. ಅದನ್ನು ಒತ್ತಿಬಿಟ್ಟರೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನೂ ಯಕ್ಷಗಾನದ ಆಟಕ್ಕೆ ಮುನ್ನ ಬಾರಿಸುವ ಚೆಂಡೆಯ ‘ಕೇಳಿ’ಯೂ ಒಂದೇ ರಾಶಿಗೆ ಬೀಳುತ್ತವೆ. ಇದು ನನಗೆ ಒಪ್ಪಿಗೆಯಿಲ್ಲ. ಪ್ರಕಾರದ ಜಾಗದಲ್ಲಿ ‘ಕರ್ನಾಟಕ ಸಂಗೀತ’, ‘ಯಕ್ಷಗಾನ’ ಎಂದೇ ಇರಬೇಕು.

ಆದ್ದರಿಂದ ಎರಡು ಕಾಲಂ ಇಟ್ಟಿದ್ದೇನೆ. ಕೃತಿಗೆ ಸಾಹಿತ್ಯ ಇದೆಯೇ, ಇದ್ದರೆ ಯಾವ ಭಾಷೆ ಎಂಬುದು ಮೊದಲನೆಯದು. ಈ ಧ್ವನಿಮುದ್ರಣದಲ್ಲಿ ಅದನ್ನು ಹಾಡಿದ್ದಾರೆಯೇ ಎಂಬುದು ಎರಡನೆಯದು. ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಸ್ಯಾಕ್ಸೊಫೋನಿನಲ್ಲಿ ಬಂದರೆ ರಾಗ ಹಂಸಧ್ವನಿ, ತಾಳ ಆದಿ, ಭಾಷೆ ಸಂಸ್ಕೃತ, ಹಾಡುಗಾರಿಕೆ ಇಲ್ಲ. ನುಡಿಸುವವರು ಸಾಹಿತ್ಯದ ಪದ ಎಲ್ಲಿ ಒಡೆಯುತ್ತದೆಂದು ನೋಡಿಕೊಂಡೇ ಉಸಿರು ತೆಗೆದುಕೊಳ್ಳುತ್ತಾರೆ. ಅಂಥದ್ದಕ್ಕೆ ‘ಸಾಹಿತ್ಯವಿಲ್ಲ’ ಎಂದು ಬರೆಯಲು ಕೈ ಬರುವುದಿಲ್ಲ. ಕಛೇರಿಯ ನಡುವೆ ಮೃದಂಗವೇ ಮುಂದಾಗಿ ನುಡಿಯುವ ತನಿ ಆವರ್ತನದಂಥದ್ದಕ್ಕೆ ಮಾತ್ರ ಹಾಗೆ ಬರೆಯಬಹುದು. ಮ್ಯೂಸಿಕ್‌ಬ್ರೈನ್ಸ್ ಎಂಬ ಅಂತರ್ಜಾಲದ ಸಂಗೀತ ಮಾಹಿತಿ ಕೋಶವೂ ಇವೆರಡನ್ನು ಬೇರೆಯಾಗಿಯೇ ಇಡುತ್ತದೆ: ‘ಸಾಹಿತ್ಯವಿಲ್ಲ’ ಎಂಬುದು ಕೃತಿಯ ಮೇಲೆ, ‘ವಾದ್ಯ’ ಎಂಬ ಗುರುತು ಕೃತಿಗೂ ಧ್ವನಿಮುದ್ರಣಕ್ಕೂ ನಡುವಿನ ಕೊಂಡಿಯ ಮೇಲೆ.

ಯಕ್ಷಗಾನದ ಭಾಗವತರು ಬಾಯಿತಾಳ, ಅಂದರೆ ತಾಳದ ಸೊಲ್ಲುಗಳನ್ನು, ಬಾಯಲ್ಲಿ ಹೇಳುವ ಕಡೆ ಕಂಠವಿದೆ, ಸಾಹಿತ್ಯವಿಲ್ಲ. ಕರ್ನಾಟಕ ಸಂಗೀತದಲ್ಲಿ ಸೊಲ್ಲು ಹೇಳುವ ಕೊನ್ನಕೋಲೂ ಹಾಗೆಯೇ. ಅದಕ್ಕೆಂದು ಎರಡನೆಯ ಕಾಲಮ್ಮಿಗೆ ‘ಬಾಯಿತಾಳ’ ಎಂಬ ಮೂರನೆಯ ಉತ್ತರವನ್ನೂ ಸೇರಿಸಿದೆ.

ವಾದ್ಯಗಳ ಹೆಸರಿನಲ್ಲಿ ನಮ್ಮ ಗಡಿನಾಡಿಗೇ ವಿಶೇಷವಾದ ತೊಡಕೊಂದಿದೆ. ಚೆಂಡೆ, ಚಂಡೆ, ಚೆಂಡ ಎಂದು ಲೇಬಲ್ಲುಗಳಲ್ಲಿ ಬಗೆಬಗೆಯಾಗಿ ಬರೆದಿರುತ್ತಾರೆ. ನಾನು ಎಲ್ಲವನ್ನೂ ‘ಚೆಂಡೆ’ ಮಾಡಿ, ಯಕ್ಷಗಾನವೋ ದೇವಸ್ಥಾನದ ಮೇಳವೋ ಎಂಬುದನ್ನು ಸಂದರ್ಭದ ಕಾಲಮ್ಮಿನಲ್ಲಿ ಹಾಕುತ್ತೇನೆ. ಆದರೆ ಮದ್ದಳೆ ಮತ್ತು ಮದ್ದಳಂ ಹಾಗಲ್ಲ. ಕೇರಳದ ದೇವಸ್ಥಾನಗಳ ಪಂಚವಾದ್ಯ ಮೇಳದ ಮದ್ದಳಂ ಸೊಂಟಕ್ಕೆ ಕಟ್ಟಿ ನಿಂತು ಬಾರಿಸುವ ದೊಡ್ಡ ವಾದ್ಯ, ಯಕ್ಷಗಾನದ ಮದ್ದಳೆ ಕುಳಿತು ನುಡಿಸುವ ಚಿಕ್ಕದು. ಇವನ್ನು ಎಂದಿಗೂ ಕೂಡಿಸಬಾರದು.

ಶೀರ್ಷಿಕೆಯ ಬಾಲಕ್ಕೆ ‘ವಾದ್ಯ’ ಎಂದು ಅಂಟಿಸುವುದಿಲ್ಲ. ಚಿತ್ರಗೀತೆಯ ವಾದ್ಯ ಆವೃತ್ತಿಯ ಹೊದಿಕೆಯಲ್ಲೇ ಹಾಗೆ ಅಚ್ಚಾಗಿದ್ದರೆ ಮಾತ್ರ ಉಳಿಸಿಕೊಳ್ಳುತ್ತೇನೆ.

ಲೇಬಲ್ಲಿನಲ್ಲಿ ಬರೀ ‘ಸ್ಯಾಕ್ಸ್’ ಎಂದಿದ್ದು ಕೃತಿ ಗುರುತಾಗದಿದ್ದರೆ ಎರಡನೆಯ ಕಾಲಂ ಮಾತ್ರ ತುಂಬುತ್ತೇನೆ. ಮೊದಲನೆಯದು ಖಾಲಿ ಉಳಿಯುತ್ತದೆ. ಖಾಲಿ ಬೇರೆ, ‘ಸಾಹಿತ್ಯವಿಲ್ಲ’ ಬೇರೆ; ಖಾಲಿ ಇರುವವನ್ನು ಬಲ್ಲವರಿಗೆ ಕೇಳಿಸಿ ತುಂಬುವುದು ಇನ್ನೂ ನಡೆದಿದೆ.