ಎರಡು ಸಲ ಕಿತ್ತ ಹುಲಿಯ ಮುಖ

ನಮ್ಮ ಮನೆ ಶೋಕೇಸಿನಲ್ಲಿ ಈಗ ಒಂದು ಹಸು, ಒಂದು ಹುಲಿ ಎದುರುಬದುರು ನಿಂತಿವೆ. ನೋಡಿದವರು ತಕ್ಷಣ ಪುಣ್ಯಕೋಟಿ ಅನ್ನುತ್ತಾರೆ. ಹಾಗೆ ಅನ್ನಿಸೋಕೆ ನನಗೆ ಎರಡು ತಿಂಗಳು ಹಿಡಿಯಿತು.

ಈ ಹುಚ್ಚು ಹತ್ತಿದ್ದು ಕಿನ್ನಾಳದಲ್ಲಿ. ಕೊಪ್ಪಳದ ಹತ್ತಿರದ ಊರು. ಅಲ್ಲಿನ ಚಿತ್ರಗಾರರು ತಲೆತಲಾಂತರದಿಂದ ಮರದ ಬೊಂಬೆ ಮಾಡುತ್ತಾ ಬಂದವರು. ಹಗುರ ಮರ ಕೆತ್ತಿ, ಅದರ ಮೇಲೆ ಗೋಣಿನಾರಿನ ಪುಡಿ ಮತ್ತು ಹುಣಸೆ ಬೀಜದ ಅಂಟು ಕಲಸಿದ 'ಕಿಟ್ಟ' ಮೆತ್ತುತ್ತಾರೆ. ಆಮೇಲೆ ಬಟ್ಟೆಯ ತುಂಡು, ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ನನಗೆ ಉಳಿ ಹಿಡಿಯೋಕೆ ಬರುವುದಿಲ್ಲ. ಹಾಗಾಗಿ ಒಳಗೆ ರಟ್ಟು, ಹಳೇ ಪೇಪರ್. ಹೊರಗೆ ಮಾತ್ರ ಕಿಟ್ಟ. ಇದನ್ನು ಕಿನ್ನಾಳದ ಬೊಂಬೆ ಅಂತ ಕರೆಯಬಾರದು. ಅವರದು ಮರ, ನಂದು ರದ್ದಿ.

200 ಗ್ರಾಂ ಹುಣಸೆ ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಹಾಕಿದೆ. ಬೆಳಗ್ಗೆ ರುಬ್ಬಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಯಿಸಿದೆ. ಕೈ ಬಿಟ್ಟರೆ ತಳ ಹಿಡಿಯುತ್ತದೆ. ಗೋಣಿಚೀಲವನ್ನು ಮಿಕ್ಸಿಗೆ ಹಾಕಿದ್ದು ದೊಡ್ಡ ತಪ್ಪು. ನಾರು ಬ್ಲೇಡಿಗೆ ಸುತ್ತಿಕೊಂಡು ಸುಟ್ಟ ವಾಸನೆ ಬಂತು. ಆಮೇಲೆ ಕತ್ತರಿ ಹಿಡಿದು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸುತ್ತಾ ಕೂತೆ. ಎರಡು ಸಂಜೆ ಹೋದವು.

ಮೊದಲ ಹಸುವಿಗೆ ಕಿಟ್ಟವನ್ನು ಒಂದೇ ಸಲ ದಪ್ಪಗೆ ಮೆತ್ತಿ ತಾರಸಿಯ ಬಿಸಿಲಿಗಿಟ್ಟೆ. ಸಂಜೆ ಹೊತ್ತಿಗೆ ಕುತ್ತಿಗೆ ಬಿರುಕು ಬಿಟ್ಟಿತ್ತು. ಮೇಲ್ಭಾಗ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿಯೇ ಇರುತ್ತದೆ, ಅಲ್ವಾ? ಎರಡನೇ ಸಲ ನೆರಳಿನಲ್ಲಿ ಒಣಗಿಸುತ್ತಾ ದಿನಕ್ಕೊಂದು ತೆಳು ಪದರದಂತೆ ಮೂರು ಪದರ ಕೊಟ್ಟೆ. ಮಳೆಗಾಲವಾದ್ದರಿಂದ ಉಳಿದ ಅಂಟಿಗೆ ಬೂಸ್ಟು ಬಂತು. ಹೊಸ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದೆ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳ ಕೈಗೂ ಸಿಗಬಾರದು. ಕಲ್ಲುಪುಡಿಯ ಬದಲು ಸೀಮೆಸುಣ್ಣದ ಪುಡಿ, ಫೆವಿಕಾಲ್ ಬಳಸಿದೆ. ಉಪ್ಪುಕಾಗದ ತಿಕ್ಕಿ, ಅಕ್ರಿಲಿಕ್ ಬಣ್ಣ. ಅಷ್ಟೇ.

ಕಷ್ಟವಾಗಿದ್ದು ಹುಲಿಯ ಮುಖ. ಮೊದಲು ಕೋರೆಹಲ್ಲು, ಹೊರಗೆ ಚಾಚಿದ ನಾಲಿಗೆ ಎಲ್ಲ ಮಾಡಿದೆ. ಅಜ್ಜಿ ನೋಡಿ, "ಅಲ್ಲವ್ವಾ, ಅದು ನಾಚ್ಕೊಂಡು ಸಾಯೋ ಹುಲಿ. ನೀನು ತಿನ್ನೋಕೆ ನಿಂತಿರೋ ಹುಲಿ ಮಾಡೀಯಲ್ಲ!" ಅಂದರು. ಸರಿಯಾಗಿಯೇ ಹೇಳಿದ್ದರು. ನಾನು ತೋರಿಸಬೇಕಿದ್ದು ಹಸು ಹಿಡಿಸಿಕೊಂಡ ಗಳಿಗೆಯನ್ನಲ್ಲ, ಕೊಟ್ಟ ಮಾತಿನಂತೆ ಅದು ವಾಪಸ್ ಬಂದ ಗಳಿಗೆಯನ್ನು. ಮುಖ ಕೆರೆದು ಮತ್ತೆ ಮಾಡಿದೆ. ಈ ಸಲ ಥೇಟ್ ಬೆಕ್ಕು. ಅದನ್ನೂ ಕಿತ್ತೆ. ಮೂರನೇ ಸಲ ಬಾಯಿ ಮುಚ್ಚಿಸಿ, ತಲೆ ತಗ್ಗಿಸಿ, ಕಣ್ಣು ಮಾತ್ರ ಹಸುವಿನ ಕಡೆ ಎತ್ತಿಸಿದೆ. ಈಗ ಇದೇ ಹಾಡಿನಲ್ಲಿ ಬರೋ ಅರ್ಬುತನೆಂಬ ಹುಲಿ ಅಂದರೆ ಒಪ್ಪಬಹುದು.

ಆಮೇಲೆ ಹಸುವಿನಲ್ಲೂ ಒಂದು ತಪ್ಪು ಕಂಡಿತು. ಕೆಚ್ಚಲನ್ನು ಹಾಲು ತುಂಬಿದಂತೆ ಉಬ್ಬಿಸಿಬಿಟ್ಟಿದ್ದೆ. ಕರುವಿಗೆ ಕುಡಿಸಿ ಬಂದ ಹಸುವಿನ ಕೆಚ್ಚಲು ಜೋತಿರಬೇಕು ತಾನೆ? ಯಾರೂ ಗಮನಿಸುತ್ತಿರಲಿಲ್ಲವೇನೋ. ಆದರೂ ಕೆರೆದು ಸರಿ ಮಾಡಿದೆ. ನನ್ನ ಲೆಕ್ಕದಲ್ಲಿ ಇಡೀ ಬೊಂಬೆಯಲ್ಲಿ ಚೆನ್ನಾಗಿ ಬಂದಿರೋದು ಅದೊಂದೇ.

ಮನೆಗೆ ಬಂದ ಮಕ್ಕಳೆಲ್ಲ "ಕರು ಎಲ್ಲಿ?" ಅಂತ ಕೇಳುತ್ತಿದ್ದರು. ಉಳಿದ ಕಿಟ್ಟದಲ್ಲಿ ಮೂರು ಇಂಚಿನ ಕರು ಮಾಡಿದೆ. ಆದರೆ ಶೋಕೇಸಿನಲ್ಲಿ ಇಡಲಿಲ್ಲ, ಅದು ದೊಡ್ಡಿಯಲ್ಲಿ ಉಳಿದ ಕರು. ನಡುಮನೆಯ ಆಚೆ ಮೂಲೆಯಲ್ಲಿ, ಟಿವಿ ಪಕ್ಕ, ಬಾಗಿಲ ಕಡೆ ಮುಖ ಮಾಡಿಸಿ ಕೂರಿಸಿದ್ದೇನೆ.