ನಿಂತಲ್ಲೇ ನಡುಗುವ ಕಾರು: ಪಾರ್ಟ್ ಕೊಳ್ಳುವ ಮೊದಲು ಇಷ್ಟು ನೋಡಿ

ಓಡುವಾಗ ಕಾರು ಚೆನ್ನಾಗಿಯೇ ಇರುತ್ತದೆ. ಸಿಗ್ನಲ್‌ನಲ್ಲಿ ನಿಲ್ಲಿಸಿ ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಸ್ಟೇರಿಂಗ್ ನಡುಗಲು ಶುರು. ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಆಗ ಎಲ್ಲರಿಗೂ ಮೊದಲು ನೆನಪಾಗುವುದು ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್. ನಾನೂ ಒಮ್ಮೆ ನಾಲ್ಕೂ ಪ್ಲಗ್, ಜೊತೆಗೆ ವೈರ್ ಸೆಟ್ ಬದಲಿಸಿದ್ದೆ. ನಡುಕ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಬೆರಳುದ್ದದ ಒಂದು ರಬ್ಬರ್ ಪೈಪು. ಅಡಿಭಾಗದಲ್ಲಿ ಸೀಳಿತ್ತು, ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ಈಗ ಸ್ಪ್ಯಾನರ್ ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ತೊಂದರೆ ಒಂದು ಸಿಲಿಂಡರ್‌ನದ್ದಾ, ಎಲ್ಲದರದ್ದಾ?

ಮೊದಲು ಸುಮ್ನೆ ಕೇಳಿ

ಕಾರನ್ನು ಬಯಲಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಮುಚ್ಚಿದ ಶೆಡ್‌ನಲ್ಲಿ ಈ ಕೆಲಸ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇಂಜಿನ್ ಪೂರ್ತಿ ಬಿಸಿಯಾಗಲಿ. ಎಸಿ, ಲೈಟು ಆಫ್ ಮಾಡಿ ಆರ್‌ಪಿಎಂ ಮುಳ್ಳನ್ನು ನೋಡಿ. ಸಾಮಾನ್ಯವಾಗಿ 700ರಿಂದ 900ರ ನಡುವೆ ನಿಲ್ಲಬೇಕು.

ಮುಳ್ಳು ಅಲುಗಾಡುತ್ತಿಲ್ಲ, ಶಬ್ದವೂ ಸಮನಾಗಿದೆ, ಬಾಡಿ ಮಾತ್ರ ನಡುಗುತ್ತಿದೆ ಅಂದರೆ ಅನುಮಾನ ಇಂಜಿನ್ ಮೌಂಟಿಂಗ್ (ಇಂಜಿನನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಆಧಾರ) ಮೇಲೆ. ರಬ್ಬರ್ ಬಿರುಕು ಬಿಟ್ಟಿರುತ್ತದೆ ಅಥವಾ ಕುಸಿದಿರುತ್ತದೆ. ಮುಳ್ಳು ನಿಧಾನಕ್ಕೆ ಏರಿ ಇಳಿದು ಮಾಡುತ್ತಿದ್ದರೆ ಅದು ಹಂಟಿಂಗ್; ಹೆಚ್ಚಾಗಿ ಗಾಳಿಯ ಲೆಕ್ಕ ತಪ್ಪಿರುತ್ತದೆ. ಇನ್ನು ಒಂದೇ ತಾಳದಲ್ಲಿ ಎಡವಿದ ಹಾಗೆ ಕೇಳಿದರೆ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. 800 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆಯಂತೆ ನಿಮಿಷಕ್ಕೆ 400 ಸಲ ಉರಿಯುತ್ತದೆ. ಒಂದು ಸತ್ತರೆ ಸೆಕೆಂಡಿಗೆ ಆರೇಳು ಏಟು ತಪ್ಪುತ್ತದೆ. ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದು ಅದೇ.

ಸೋಮಾರಿ ಸಿಲಿಂಡರ್ ಯಾವುದು?

ಪ್ರತಿ ಸಿಲಿಂಡರ್‌ಗೂ ಪೆಟ್ರೋಲ್ ಚಿಮ್ಮಿಸುವ ಒಂದೊಂದು ಇಂಜೆಕ್ಟರ್ ಇದ್ದು, ಅದರ ವೈರಿನ ಕನೆಕ್ಟರ್ ಕೈಗೆ ಸಿಗುವಂತಿದ್ದರೆ ಕೆಲಸ ಸುಲಭ. ಇಂಜಿನ್ ಓಡುತ್ತಿರುವಾಗ ಒಂದು ಕನೆಕ್ಟರ್ ಕಳಚಿ. ಶಬ್ದ ತಟ್ಟನೆ ಕುಗ್ಗಿ ನಡುಕ ಜಾಸ್ತಿಯಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ವಾಪಸ್ ಸಿಕ್ಕಿಸಿ, ಮುಂದಿನದ್ದು ನೋಡಿ. ಕಳಚಿದರೂ ಏನೂ ಬದಲಾಗದಿದ್ದರೆ ಕಳ್ಳ ಅವನೇ. ಆ ಮೊದಲ ಕ್ಷಣದಲ್ಲೇ ಗಮನ ಇರಲಿ, ಏಕೆಂದರೆ ಕಾರಿನ ಕಂಪ್ಯೂಟರ್ ಬೇಗನೆ ಆರ್‌ಪಿಎಂ ಸರಿದೂಗಿಸಿಬಿಡಬಹುದು. ಓಡುವ ಇಂಜಿನ್‌ನಲ್ಲಿ ಪ್ಲಗ್ ವೈರನ್ನು ಮಾತ್ರ ಕೈಯಿಂದ ಕೀಳಬೇಡಿ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್.

ಕಳ್ಳ ಮೂರನೇ ಸಿಲಿಂಡರ್ ಅಂತಿಟ್ಟುಕೊಳ್ಳಿ. ಇಂಜಿನ್ ಆಫ್ ಮಾಡಿ, ತಣಿಯಲು ಬಿಡಿ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ) ಇದ್ದರೆ ಮೂರರ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಹಾಕಿ. ಮಿಸ್ಸಿಂಗ್ ಎರಡಕ್ಕೆ ಹೋಯಿತಾ? ಕಾಯಿಲ್ ಕೆಟ್ಟಿದೆ. ಹೋಗಲಿಲ್ಲವಾದರೆ ಪ್ಲಗ್ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದೇ ವಸ್ತು, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತಲೇ ತಿಳಿಯುವುದಿಲ್ಲ.

ಪ್ಲಗ್ ಬಿಚ್ಚಿದಾಗ ತುದಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಒದ್ದೆಯಾಗಿ ಜಿಡ್ಡಾಗಿದ್ದರೆ ಆಯಿಲ್ ಒಳಗೆ ಇಳಿಯುತ್ತಿದೆ. ಹಳೆಯ ವೈರ್‌ಗಳಿಗೆ ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ: ಕತ್ತಲಲ್ಲಿ ಬಾನೆಟ್ ತೆರೆದು ಇಂಜಿನ್ ಸ್ಟಾರ್ಟ್ ಮಾಡಿ, ದೂರದಿಂದ ತುಸು ನೀರು ಸಿಂಪಡಿಸಿ. ಸೋರುವ ವೈರ್ ಮೇಲೆ ಸಣ್ಣ ನೀಲಿ ಕಿಡಿಗಳು ಚಟಚಟ ಹರಿದಾಡುತ್ತವೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ.

ಎಲ್ಲವೂ ಎಡವುತ್ತಿದ್ದರೆ ಗಾಳಿ ಹುಡುಕಿ

ಯಾವ ಕನೆಕ್ಟರ್ ಕಳಚಿದರೂ ಶಬ್ದ ಒಂದೇ ಥರ ಕುಗ್ಗುತ್ತದೆ. ರೇಸ್ ಕೊಟ್ಟರೆ ನಡುಕ ಮಾಯ. ಇದು ವ್ಯಾಕ್ಯೂಮ್ ಸೋರಿಕೆಯ, ಅಂದರೆ ಬಿರುಕಿನಿಂದ ಹೊರಗಿನ ಗಾಳಿ ಒಳನುಸುಳುವುದರ ಲಕ್ಷಣ. ಐಡ್ಲಿಂಗ್‌ನಲ್ಲಿ (ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡುವಾಗ) ಥ್ರಾಟಲ್, ಅಂದರೆ ಗಾಳಿಯ ಕವಾಟ, ಹೆಚ್ಚುಕಡಿಮೆ ಮುಚ್ಚಿರುತ್ತದೆ, ಇಂಜಿನ್ ಎಳೆಯುವ ಗಾಳಿಯೇ ಕಡಿಮೆ. ಆಗ ಬಿರುಕಿನಿಂದ ನುಸುಳುವ ಚೂರು ಗಾಳಿಯೂ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಸುತ್ತ 'ಸ್ಸ್' ಅನ್ನುವ ಶಬ್ದಕ್ಕೆ ಕಿವಿಗೊಡಿ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆತ್ತಗೆ ಒತ್ತಿ ಹಿಡಿಯಿರಿ. ಐಡ್ಲಿಂಗ್ ಬದಲಾದರೆ ಆ ಪೈಪನ್ನೂ ಅದು ಹೋಗಿ ಸೇರುವ ಭಾಗವನ್ನೂ ನೋಡಿ. ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಸಿಂಪಡಿಸಿ; ಸೋರುವ ಜಾಗ ಅದನ್ನು ಹೀರಿಕೊಂಡಾಗ ಶಬ್ದ ಬದಲಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ನೋಡುವವರೂ ಇದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಹೊತ್ತಿಕೊಳ್ಳಬಹುದು, ನನಗಂತೂ ಧೈರ್ಯವಿಲ್ಲ. ಬ್ರೇಕ್ ತುಳಿದಾಗ ಮಾತ್ರ ಐಡ್ಲಿಂಗ್ ಕುಸಿದರೆ ಬ್ರೇಕ್ ಬೂಸ್ಟರ್ (ಇಂಜಿನ್ ವ್ಯಾಕ್ಯೂಮ್‌ನಿಂದ ಬ್ರೇಕಿಗೆ ಬಲ ಕೊಡುವ ಭಾಗ) ಸೋರುತ್ತಿರಬಹುದು. ಅದನ್ನು ಮುಂದೂಡಬೇಡಿ.

ಸೋರಿಕೆ ಇಲ್ಲವೆಂದಾದರೆ ಥ್ರಾಟಲ್ ಬಾಡಿ ಬಿಚ್ಚಿ ನೋಡಿ. ಚಿಟ್ಟೆಯಂಥ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡು ಕೂತಿರುತ್ತದೆ. ಅದಕ್ಕೆಂದೇ ಸಿಗುವ ಕ್ಲೀನರ್, ಮೆತ್ತನೆ ಬಟ್ಟೆ ಸಾಕು. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿಂದ ನೂಕಬೇಡಿ. ಎಸಿ ಹಾಕಿದ ಕೂಡಲೇ ಇಂಜಿನ್ ನಿಲ್ಲುವ ಹಾಗಾದರೆ ಐಡಲ್ ಕಂಟ್ರೋಲ್ ವಾಲ್ವ್‌ನಲ್ಲೂ ಇದೇ ಮಸಿ ಇರಬಹುದು.

ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದವರಿಗೆ ಅರ್ಧ ಕೆಲಸ ಕಡಿಮೆ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಪಿ0302 ಎರಡನೆಯದು. ಪಿ0171 ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟೀತು.

ಕಾಯಿಲ್, ಪ್ಲಗ್, ಇಂಜೆಕ್ಟರ್ ಎಲ್ಲ ಸರಿಯಿದ್ದೂ ಅದೇ ಸಿಲಿಂಡರ್ ಮಲಗಿದೆಯೆಂದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯಿಸಿ. ಉಳಿದವುಗಳಿಗಿಂತ ಅದರಲ್ಲಿ ಕಾಲು ಭಾಗ ಕಡಿಮೆ ಇದ್ದರೆ, ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಹೆಡ್ ಇಳಿಸುವುದು ಗ್ಯಾರೇಜಿನ ಕೆಲಸ.