ಒಂದೇ ಬೆರಳಿನ ಬೇಸ್: ಜೇಮರ್ಸನ್‌ರಿಂದ ನಾನು ಕಲಿತ ಬಗೆ

ಬೇಸ್ ಗಿಟಾರ್ ಕಲಿಯಲು ನಾನು ಹಿಡಿದ ಗುರು ಜೇಮ್ಸ್ ಜೇಮರ್ಸನ್. ಅವರು 1983ರಲ್ಲೇ ತೀರಿಕೊಂಡರು, ಹಾಗಾಗಿ ಪಾಠವೆಲ್ಲ ಹಳೆಯ ಹಾಡುಗಳನ್ನು ಕೇಳಿಯೇ. ಅರವತ್ತರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ, ಫಂಕ್ ಬ್ರದರ್ಸ್ ಎಂದು ಕರೆಸಿಕೊಂಡ ವಾದಕರ ಗುಂಪಿನಲ್ಲಿ ಅವರು ನುಡಿಸುತ್ತಿದ್ದರು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಸ್ಟೀವಿ ವಂಡರ್ ಇವರ ಎಷ್ಟೋ ಹಾಡುಗಳ ಬೇಸ್ ಅವರದೇ. ಆದರೂ ಆ ರೆಕಾರ್ಡುಗಳ ಮೇಲೆ ವರ್ಷಗಟ್ಟಲೆ ಅವರ ಹೆಸರು ಬರಲಿಲ್ಲ. ಮಾರ್ವಿನ್ ಗೇ ಅವರ 1971ರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂನಲ್ಲಿ ವಾದಕರ ಹೆಸರು ಅಚ್ಚಾಯಿತು. ಇದು ತಿಳಿದಾಗ ನನಗೆ ನಿಜವಾಗಿ ಸಂಕಟವಾಯಿತು. ಅವರನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು ಎಂಬ ಹಟವೂ ಅಲ್ಲಿಂದಲೇ ಹುಟ್ಟಿತು.

ಮೊದಲು ಬದಲಿಸಿದ್ದು ತಂತಿ. ಜೇಮರ್ಸನ್ ಅವರ 1962ರ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರಿಗೆ ದಪ್ಪನೆಯ ಫ್ಲಾಟ್‌ವೂಂಡ್ (ಚಪ್ಪಟೆ ಲೋಹ ಸುತ್ತಿದ, ನುಣುಪಾದ) ತಂತಿ ಇರುತ್ತಿತ್ತು. ತುಂಡಾಗುವ ತನಕ ಬದಲಿಸುತ್ತಿರಲಿಲ್ಲವಂತೆ. ತಂತಿಗಳ ಬುಡ ಕೂರುವ ಬ್ರಿಡ್ಜ್‌ನ ಮುಚ್ಚಳದ ಕೆಳಗೆ ಸ್ಪಂಜು. ನಾನೂ ಫ್ಲಾಟ್‌ವೂಂಡ್ ಹಾಕಿ, ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡನ್ನು ಬ್ರಿಡ್ಜ್ ಹತ್ತಿರ ತಂತಿಗಳ ಅಡಿಗೆ ತುರುಕಿದೆ. ಸ್ವರ 'ಧುಮ್' ಎಂದು ಹುಟ್ಟಿ ಬೇಗ ಆರಿಹೋಗತೊಡಗಿತು. ತಂತಿಯ ಝೇಂಕಾರದ ಮರೆ ಹೋದ ಮೇಲೆ, ಬೀಟ್‌ಗಿಂತ ಕೂದಲೆಳೆಯಷ್ಟು ಮುಂದೆ ಬಿದ್ದರೂ ಕಿವಿಗೆ ಗೊತ್ತಾಗುತ್ತದೆ.

ಆಮೇಲೆ ಬಲಗೈ. ಅವರು ಶಾಲೆಯಲ್ಲಿ ಕಲಿತದ್ದು ನಿಂತು ನುಡಿಸುವ ದೊಡ್ಡ ಬೇಸ್. ಗಿಟಾರಿಗೆ ಬಂದ ಮೇಲೂ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ನಾನೂ ಉಳಿದ ಬೆರಳುಗಳನ್ನು ಮಡಚಿಟ್ಟು, ತಾಳ ಹಾಕುವ ಮೆಟ್ರೊನೋಮನ್ನು ತೀರ ನಿಧಾನಕ್ಕಿಟ್ಟು ಕೂತೆ. ಎರಡು ಬೆರಳಲ್ಲಿ ಒಂದು ಪೆಟ್ಟು ಗಟ್ಟಿ, ಇನ್ನೊಂದು ಮೆತ್ತಗೆ ಬೀಳುವುದು ಸಹಜ. ಒಂದೇ ಬೆರಳಾದರೆ ಪೆಟ್ಟಿನ ತೂಕ ಒಂದೇ. ತೆಳು ತಂತಿಯಿಂದ ದಪ್ಪ ತಂತಿಗೆ ಇಳಿಯುವಾಗ ಅದೇ ಎಳೆತದಲ್ಲಿ ಬೆರಳು ಮುಂದಿನ ತಂತಿಗೆ ಜಾರುತ್ತದೆ. ಅವರ ಸಾಲುಗಳಲ್ಲಿರುವ ಉರುಳು ಎಲ್ಲಿಂದ ಬರುತ್ತದೆ ಎಂದು ಆಗ ತಿಳಿಯಿತು.

ನಿಜವಾದ ಪಾಠ ಶುರುವಾದದ್ದು 1968ರ 'ಫಾರ್ ಒನ್ಸ್ ಇನ್ ಮೈ ಲೈಫ್'ನಿಂದ. ಸ್ಟೀವಿ ವಂಡರ್ ಹಾಡುವಾಗ ಕೆಳಗೆ ಬೇಸ್ ಇನ್ನೊಂದು ಹಾಡನ್ನೇ ಹಾಡುತ್ತಿರುತ್ತದೆ. ವಾದ್ಯ ಮುಟ್ಟದೆ, ಬರೆದುಕೊಳ್ಳದೆ, ಆ ಸಾಲನ್ನು ಬಾಯಲ್ಲಿ ಹಾಡಲು ಬರುವವರೆಗೂ ಕೇಳಿದೆ. ನಂತರ ಒಂದೊಂದೇ ಸ್ವರ ಹಿಡಿದು, ಇದು ಕಾರ್ಡ್‌ನ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿನ) ಒಳಗಿನದೋ ಹೊರಗಿನದೋ ಎಂದು ನೋಡುತ್ತಾ ಹೋದೆ. ಕಾರ್ಡ್ ಬದಲಾಗುವ ಕಡೆ ಹೆಚ್ಚಾಗಿ ರೂಟ್ (ಕಾರ್ಡ್‌ನ ಮೂಲ ಸ್ವರ) ಅಥವಾ ಫಿಫ್ತ್ (ಅದರಿಂದ ಐದನೆಯ ಸ್ವರ) ಗಟ್ಟಿಯಾಗಿ ನಿಂತಿರುತ್ತದೆ. ನಡುವಿನ ಜಾಗದಲ್ಲಿ ಅರ್ಧರ್ಧ ಸ್ವರ ಏರುತ್ತಾ ಇಳಿಯುತ್ತಾ ಮುಂದಿನ ಕಾರ್ಡ್‌ಗೆ ದಾರಿ ಮಾಡಿಕೊಳ್ಳುತ್ತಾರೆ. ಕಾರ್ಡ್‌ಗೆ ಸೇರದ, ಎಡಗೈ ಒತ್ತದ ಖಾಲಿ ತಂತಿಯನ್ನೂ ಮೀಟಿಬಿಡುತ್ತಾರೆ! ಅದು ಮೊಳಗುವ ಕ್ಷಣದಲ್ಲಿ ಎಡಗೈ ಹೊಸ ಜಾಗಕ್ಕೆ ಸರಿದಿರುತ್ತದೆ. ಹಾಳೆಯಲ್ಲಿ ಬರೆದ ನೋಟೇಷನ್ ನೋಡಿದರೆ ಇದು ಹೊಳೆಯುವುದಿಲ್ಲ, ಕೈಯಲ್ಲಿ ನುಡಿಸಿದರೆ ತಾನಾಗಿ ಅರ್ಥವಾಗುತ್ತದೆ.

ಹೊಸಬರು ಸಾಮಾನ್ಯವಾಗಿ ಇಂಥ ತುಂಬು ಸಾಲುಗಳಿಗೇ ಕೈಹಾಕುತ್ತಾರೆ. ನನ್ನನ್ನು ಕೇಳಿದರೆ ಟೆಂಪ್ಟೇಷನ್ಸ್‌ರ 'ಮೈ ಗರ್ಲ್' ಮೊದಲು ನುಡಿಸಿ ಎನ್ನುತ್ತೇನೆ. ಬೇಸ್ ಒಂದೇ ಶುರುವಾಗುತ್ತದೆ. ಇರುವುದು ಕೆಲವೇ ಸ್ವರ, ನಡುವೆ ಬಿಡುವು. ಅದರ ಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತುತ್ತದೆ. ಆ ಬಿಡುವಿನಲ್ಲಿ ಸ್ವರ ಯಾವಾಗ ನಿಲ್ಲಬೇಕು ಎಂಬುದೇ ಇಡೀ ಕೆಲಸ. ಸ್ವಲ್ಪ ಉದ್ದವಾದರೆ ಹಾಡು ಎಳೆದಾಡುತ್ತದೆ, ಸ್ವಲ್ಪ ಚುಟುಕಾದರೆ ಒಣಗುತ್ತದೆ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರಲ್ಲೇ.

ಗೆಳೆಯರ ಬ್ಯಾಂಡಿನಲ್ಲಿ ಯಾವ ಹಾಡಿಗೆ ನುಡಿಸಿದರೂ ಈಗ ನನ್ನ ಕಿವಿ ಗಾಯಕಿಯ ಕಡೆಗೇ. ಅವರ ಪದಗಳು ಒತ್ತೊತ್ತಾಗಿ ಬರುವಾಗ ನಾನು ರೂಟ್ ಬಿಟ್ಟು ಕದಲುವುದಿಲ್ಲ. ಅವರು ಒಂದು ಸ್ವರವನ್ನು ಹಿಡಿದು ನಿಂತಾಗ ಕೆಳಗಿನಿಂದ ನನ್ನ ಸಾಲು ಹೊರಡುತ್ತದೆ.